ಕೇಸ್ ಶೀಟಿನಲ್ಲಿ ಒಂದು ಸಾಲಿನ ಜಾಗ ಕೊಡಿ

ಆಸ್ಪತ್ರೆಗಳನ್ನು ನಡೆಸುವವರಿಗೆ, ನರ್ಸಿಂಗ್ ಪಠ್ಯ ರೂಪಿಸುವವರಿಗೆ, ನನ್ನ ಜೊತೆ ಡ್ಯೂಟಿ ಮಾಡುವ ಎಲ್ಲರಿಗೂ,

ನಮಸ್ಕಾರ.

ನಾನು 22 ವರ್ಷಗಳಿಂದ ನರ್ಸ್ ಕೆಲಸ ಮಾಡುತ್ತಿದ್ದೇನೆ. ಅದರಲ್ಲಿ ಹೆಚ್ಚು ಕಾಲ ಕಳೆದದ್ದು ಮೆಡಿಕಲ್ ವಾರ್ಡಿನಲ್ಲಿ. ಬಿಪಿ, ಶುಗರ್, ಹೃದಯ, ಕಿಡ್ನಿ, ಉಬ್ಬಸ. ಬಂದರೆ ಬಿಟ್ಟು ಹೋಗದ, ಜೊತೆಯಲ್ಲೇ ಇಟ್ಟುಕೊಂಡು ಬಾಳಬೇಕಾದ ಕಾಯಿಲೆಗಳ ವಾರ್ಡು ಅದು. ಈ ಪತ್ರದಲ್ಲಿ ನಾನು ಕೇಳುತ್ತಿರುವುದು ಬಹಳ ಸಣ್ಣದು: ತಮಗೆ ಏನಾಗಿದೆ ಅಂತ ರೋಗಿ ಹೇಳುವ ಮಾತನ್ನು ಬರೆಯಲು ಒಂದು ಸಾಲು. ಯಾಕೆ ಕೇಳುತ್ತಿದ್ದೇನೆ ಅಂತ ಹೇಳಲು ಮಾತ್ರ ಸ್ವಲ್ಪ ಉದ್ದ ಬರೆಯಬೇಕಾಗಿದೆ. ದಯವಿಟ್ಟು ಕೊನೆಯವರೆಗೂ ಓದಿ.

ಕೆಲವು ವರ್ಷಗಳ ಹಿಂದೆ ಒಬ್ಬರು ಅಮ್ಮ ನಮ್ಮ ವಾರ್ಡಿಗೆ ಬಂದರು. ಹೃದಯ ಸರಿಯಾಗಿ ಪಂಪ್ ಮಾಡುತ್ತಿರಲಿಲ್ಲ. ಕಾಲು ಊದಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ನೀರು ಇಳಿಸುವ ಇಂಜೆಕ್ಷನ್ ಕೊಟ್ಟೆವು. ಐದಾರು ದಿನದಲ್ಲಿ ಊತ ಇಳಿಯಿತು. ಮಾತ್ರೆ ಕೊಟ್ಟು, ನೀರು ಕಡಿಮೆ ಕುಡಿಯಿರಿ, ಉಪ್ಪು ಕಡಿಮೆ ಮಾಡಿ ಅಂತ ಹೇಳಿ ಕಳಿಸಿದೆವು. ಒಂದೂವರೆ ತಿಂಗಳಿಗೆ ಮತ್ತೆ ಬಂದರು. ಅದೇ ಊತ, ಅದೇ ಉಬ್ಬಸ. ಮತ್ತೆ ಅದೇ ಚಿಕಿತ್ಸೆ, ಅದೇ ಮಾತು. ಮೂರನೇ ಸಲ ಬಂದಾಗ ಕೇಸ್ ಶೀಟಿನಲ್ಲಿ ನಾನೇ ನನ್ನ ಕೈಯಾರೆ ಬರೆದೆ: ‘ರೋಗಿ ಸಲಹೆ ಪಾಲಿಸುವುದಿಲ್ಲ.’ ಮುಂದಿನ ಶಿಫ್ಟಿನವರಿಗೆ ಹ್ಯಾಂಡೋವರ್ ಕೊಡುವಾಗಲೂ ಅದನ್ನೇ ಹೇಳಿದೆ. ‘ಎಷ್ಟು ಹೇಳಿದ್ರೂ ಕೇಳಲ್ಲ ಅವರು.’

ಅವತ್ತು ವಾರ್ಡಿನಲ್ಲಿ ಒಬ್ಬಳು ವಿದ್ಯಾರ್ಥಿನಿ ಇದ್ದಳು. ಕಲಿಯಲು ಬಂದವಳು. ಅವಳ ಕೈಯಲ್ಲಿ ನನಗಿಂತ ಜಾಸ್ತಿ ಸಮಯ ಇತ್ತು. ಅಮ್ಮನ ಪಕ್ಕ ಕುಳಿತು, ಆ ನೀರಿನ ಮಾತ್ರೆಯನ್ನು ತೋರಿಸಿ ಕೇಳಿದಳು.

‘ಅಮ್ಮಾ, ಈ ಮಾತ್ರೆ ಏನು ಮಾಡುತ್ತೆ ಅಂತ ನಿಮಗನಿಸುತ್ತೆ?’

‘ಮೈಯಲ್ಲಿರೋ ನೀರನ್ನೆಲ್ಲಾ ಹೊರಗೆ ಹಾಕುತ್ತಮ್ಮ. ಅದಕ್ಕೇ ಒಂದೊಂದು ಸಲ ಬಾತ್‌ರೂಮಿಗೆ ಹೋಗಿ ಬಂದಾಗಲೂ ಒಂದು ಲೋಟ ನೀರು ಕುಡಿದುಬಿಡ್ತೀನಿ. ಇಲ್ಲದಿದ್ರೆ ಮೈ ಒಣಗಿಹೋಗಲ್ವಾ?’

ನಾನು ಪಕ್ಕದ ಮಂಚದ ಹತ್ತಿರ ಡ್ರಿಪ್ ಸರಿ ಮಾಡುತ್ತಿದ್ದೆ. ಕೈ ಅಲ್ಲೇ ನಿಂತುಬಿಟ್ಟಿತು.

ಆ ಅಮ್ಮ ಒಂದು ಮಾತ್ರೆಯನ್ನೂ ತಪ್ಪಿಸಿರಲಿಲ್ಲ. ನೀರು ಕಡಿಮೆ ಮಾಡಿ ಎಂದಿದ್ದೆವಲ್ಲ, ಅದನ್ನೂ ಪಾಲಿಸಿದ್ದರು. ಬಾಯಾರಿಕೆಗೆ ಕುಡಿಯುವ ನೀರನ್ನು ಅರ್ಧ ಮಾಡಿದ್ದರು. ಮಾತ್ರೆಯಿಂದ ಹೋದ ನೀರನ್ನು ತುಂಬಿಕೊಳ್ಳುವುದು ಅವರ ಲೆಕ್ಕದಲ್ಲಿ ಕುಡಿಯುವುದೇ ಆಗಿರಲಿಲ್ಲ. ಅದು ಆರೈಕೆ. ತಮ್ಮ ಮೈಯನ್ನು ತಾವು ನೋಡಿಕೊಳ್ಳುವ ರೀತಿ. ಮೂರು ಸಲ ಅಡ್ಮಿಟ್ ಆದರಲ್ಲ, ಅಷ್ಟೂ ಸಲ ಅವರು ಬಹಳ ಶ್ರದ್ಧೆಯಿಂದ ತಮ್ಮನ್ನು ತಾವು ನೋಡಿಕೊಂಡಿದ್ದರು. ನಾನು ‘ಪಾಲಿಸುವುದಿಲ್ಲ’ ಅಂತ ಬರೆದಿದ್ದೆ.

ಅವರಿಗೆ ಏನು ತಿಳಿದಿರಲಿಲ್ಲವೋ ಅದನ್ನು ಹೇಳಲು ಆ ಹುಡುಗಿಗೆ ಐದು ನಿಮಿಷ ಸಾಕಾಯಿತು. ಹೃದಯದ ಪಂಪು ದುರ್ಬಲ ಆದಾಗ ನೀರು ಮೈಯಲ್ಲೇ ನಿಲ್ಲುತ್ತೆ, ಕಾಲಿನಲ್ಲಿ, ಶ್ವಾಸಕೋಶದಲ್ಲಿ. ಮಾತ್ರೆ ಹೊರಗೆ ಹಾಕುವುದು ಹೀಗೆ ನಿಂತ ನೀರನ್ನು. ಅದನ್ನು ವಾಪಸು ತುಂಬಬೇಕಾಗಿಲ್ಲ. ದಿನಾ ಬೆಳಿಗ್ಗೆ ಬಾತ್‌ರೂಮಿಗೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮೊದಲು ತೂಕ ನೋಡಿ. ಮೂರು ದಿನದಲ್ಲಿ 2 ಕಿಲೋಗಿಂತ ಜಾಸ್ತಿ ಏರಿದರೆ ಅದು ಕೊಬ್ಬಲ್ಲ, ನೀರು. ಉಬ್ಬಸ ಬರುವ ತನಕ ಕಾಯದೆ ತಕ್ಷಣ ತಿಳಿಸಿ. ಇಷ್ಟೇ. ಇದೆಲ್ಲ ನನಗೂ ಗೊತ್ತಿತ್ತು. ಇದನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದು ಗೊತ್ತಿರಲಿಲ್ಲ, ಯಾಕೆಂದರೆ ನಾನು ಕೇಳಿರಲಿಲ್ಲ.

ಇದು ನನ್ನೊಬ್ಬಳ ತಪ್ಪಾಗಿದ್ದರೆ ಬಹಿರಂಗವಾಗಿ ಬರೆಯುವ ಅಗತ್ಯ ಇರಲಿಲ್ಲ. ನಮ್ಮ ಇಡೀ ಕೆಲಸವನ್ನೇ ನಾವು ಕೇಳದ ಹಾಗೆ ಕಟ್ಟಲಾಗಿದೆ.

ಅಡ್ಮಿಷನ್ ಫಾರಂ ತೆಗೆದು ನೋಡಿ. ಹೆಸರು, ವಯಸ್ಸು, ತೂಕ, ಬಿಪಿ, ನಾಡಿ, ಅಲರ್ಜಿ, ಹಿಂದಿನ ಆಪರೇಷನ್, ಈಗಿನ ಮಾತ್ರೆಗಳು. ಎಲ್ಲಕ್ಕೂ ಜಾಗ ಇದೆ. ‘ನನಗೆ ಏನಾಗಿದೆ ಅಂತ ನಾನು ಅಂದುಕೊಂಡಿದ್ದೇನೆ’ ಅನ್ನುವುದಕ್ಕೆ ಎಲ್ಲೂ ಜಾಗ ಇಲ್ಲ. ಆದರೆ ಮಾತ್ರೆ ನುಂಗುವುದೋ ಬಿಡುವುದೋ, ಆಸ್ಪತ್ರೆಗೆ ಬರುವುದೋ ಕಾಯುವುದೋ, ಎಲ್ಲವನ್ನೂ ಮನೆಯಲ್ಲಿ ತೀರ್ಮಾನ ಮಾಡುವುದು ಆ ಒಂದು ಅನಿಸಿಕೆಯೇ. ಶುಗರ್ ಇರುವವರು ವರ್ಷದಲ್ಲಿ ಒಂದಷ್ಟು ಗಂಟೆ ಮಾತ್ರ ನಮ್ಮ ಎದುರು ಇರುತ್ತಾರೆ. ಉಳಿದ ಹೊತ್ತೆಲ್ಲ ಅವರ ಡಾಕ್ಟರೂ ಅವರೇ, ನರ್ಸೂ ಅವರೇ.

ಇದು ಹೊಸ ಮಾತೇನಲ್ಲ. ಆರ್ಥರ್ ಕ್ಲೈನ್‌ಮನ್ ಎಂಬ ಮನೋವೈದ್ಯ 1978ರಲ್ಲೇ ತಮ್ಮ ಜೊತೆಗಾರರೊಂದಿಗೆ ಇದನ್ನು ಬರೆದಿದ್ದಾರೆ. ವೈದ್ಯರು ನೋಡುವ ರೋಗ ಬೇರೆ, ಮನುಷ್ಯ ಅನುಭವಿಸುವ ಕಾಯಿಲೆ ಬೇರೆ. ಎರಡನ್ನೂ ಹತ್ತಿರ ತರಲು ಅವರು ಕೆಲವು ಸರಳ ಪ್ರಶ್ನೆ ಕೊಟ್ಟರು. ನಿಮ್ಮ ತೊಂದರೆಗೆ ನೀವು ಏನು ಹೆಸರು ಕೊಡುತ್ತೀರಿ? ಯಾಕೆ ಬಂತು ಅನಿಸುತ್ತೆ? ಯಾಕೆ ಆವಾಗಲೇ ಶುರುವಾಯಿತು? ಯಾವುದಕ್ಕೆ ನಿಮಗೆ ಜಾಸ್ತಿ ಭಯ? ಮನಶ್ಶಾಸ್ತ್ರಜ್ಞ ಹೋವರ್ಡ್ ಲೆವೆಂಥಲ್ ಮತ್ತು ಜೊತೆಗಾರರು 1980ರ ಸುಮಾರಿಗೆ ಇನ್ನೊಂದು ದಾರಿಯಿಂದ ಅಲ್ಲಿಗೇ ಬಂದರು. ಕಾಯಿಲೆ ಬಿದ್ದ ಯಾರೇ ಆಗಲಿ ಸುಮ್ನೆ ಕೂರುವುದಿಲ್ಲ. ಇದು ಏನು, ಯಾಕೆ ಬಂತು, ಎಷ್ಟು ದಿನ ಇರುತ್ತೆ, ಇದರಿಂದ ಏನೇನಾಗಬಹುದು, ಹತೋಟಿಗೆ ಬರುತ್ತಾ ಅಂತ ಮನಸ್ಸಿನಲ್ಲೇ ಉತ್ತರ ಹುಡುಕಿಕೊಳ್ಳುತ್ತಾರೆ. ನಾವು ಹೇಳಿದರೂ ಹೇಳದಿದ್ದರೂ ಆ ಉತ್ತರ ಅಲ್ಲಿ ಇರುತ್ತೆ. ಮುಂದೆ ಏನು ಮಾಡುತ್ತಾರೆ ಅನ್ನುವುದು ಅದರ ಮೇಲೆ ನಿಂತಿರುತ್ತೆ.

ಈ ಪ್ರಶ್ನೆಗಳಲ್ಲಿ ‘ಎಷ್ಟು ದಿನ’ ಅನ್ನುವುದೇ ನಮ್ಮನ್ನು ಹೆಚ್ಚು ಸಲ ಬೀಳಿಸುತ್ತದೆ. ಉಬ್ಬಸ ಇರುವವರನ್ನು ನೋಡಿ. ಎರಡು ಇನ್ಹೇಲರ್ ಕೊಟ್ಟಿರುತ್ತೇವೆ. ಒಂದು ಉಸಿರು ಕಟ್ಟಿದಾಗ ತೆಗೆದುಕೊಳ್ಳುವುದು. ಕೆಲವೇ ನಿಮಿಷದಲ್ಲಿ ಎದೆ ಹಗುರಾಗುತ್ತೆ. ಇನ್ನೊಂದು ದಿನಾ ತೆಗೆದುಕೊಳ್ಳುವ ಸ್ಟೀರಾಯ್ಡ್ ಇನ್ಹೇಲರ್. ಅದು ಶ್ವಾಸನಾಳದ ಒಳಗಿನ ಉರಿಯೂತವನ್ನು ನಿಧಾನವಾಗಿ ಇಳಿಸುತ್ತೆ, ಪರಿಣಾಮ ಕಾಣಲು ದಿನಗಳು, ವಾರಗಳು ಬೇಕು. ನಮ್ಮ ಕಣ್ಣಿಗೆ ಎರಡನೆಯದೇ ಮುಖ್ಯ. ರೋಗಿಯ ಕಣ್ಣಿಗೆ ಮೊದಲನೆಯದೇ ನಿಜವಾದ ಔಷಧ, ಎರಡನೆಯದು ಕೆಲಸ ಮಾಡದ ವಸ್ತು. ಉಸಿರು ಕಟ್ಟದ ದಿನ ಅವರಿಗೆ ಉಬ್ಬಸವೇ ಇಲ್ಲ. ಇಲ್ಲದ ಕಾಯಿಲೆಗೆ ಯಾಕೆ ಔಷಧ? ಅವರ ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ಕಾಯಿಲೆ ಬಂದು ಹೋಗುತ್ತೆ ಅಂತ ತಿಳಿದ ಮೇಲೆ ಆ ತೀರ್ಮಾನವೇ ಸರಿ. ಸರಿಮಾಡಬೇಕಾದದ್ದು ಆ ಮೊದಲಿನ ತಿಳುವಳಿಕೆಯನ್ನು. ನಾವು ಮಾಡುವುದು ಏನು? ಇನ್ಹೇಲರ್ ಹಿಡಿಯುವ ರೀತಿಯನ್ನು ನಾಲ್ಕನೇ ಸಲ ತೋರಿಸುತ್ತೇವೆ.

ಕ್ಷಯದಲ್ಲೂ ಇದೇ. ಚಿಕಿತ್ಸೆ ಸಾಮಾನ್ಯವಾಗಿ 6 ತಿಂಗಳು. ಕೆಲವೇ ವಾರದಲ್ಲಿ ಜ್ವರ ಬಿಡುತ್ತೆ, ಹಸಿವಾಗುತ್ತೆ, ತೂಕ ಏರುತ್ತೆ. ಚೆನ್ನಾಗಿರುವ ಮೈಗೆ ಮಾತ್ರೆ ಯಾಕೆ ಅನ್ನುವ ಪ್ರಶ್ನೆ ಆಗ ಬಂದೇ ಬರುತ್ತೆ. ಅದು ಬರುವ ಮೊದಲೇ ನಾವು ಅದರ ಬಗ್ಗೆ ಮಾತಾಡಿರಬೇಕು.

ಇನ್ನೊಂದು ವಿಷಯ ಹೇಳಲೇಬೇಕು. ನಾಲ್ಕು ವರ್ಷದ ಹಿಂದೆ ನನಗೇ ಬಿಪಿ ಬಂತು. ಬಿಪಿ ಏರಿದರೆ ಮೈಗೆ ಗೊತ್ತಾಗುವುದಿಲ್ಲ, ಅದಕ್ಕೇ ದಿನಾ ಮಾತ್ರೆ ಬೇಕು ಅಂತ ನಾನು ಸಾವಿರಾರು ಜನರಿಗೆ ಹೇಳಿದ್ದೇನೆ. ಮನಸಾರೆ ನಂಬಿಯೇ ಹೇಳಿದ್ದೇನೆ. ಆದರೆ ನನ್ನ ಮಾತ್ರೆಯ ವಿಷಯಕ್ಕೆ ಬಂದಾಗ, ತಲೆ ಭಾರ ಅನಿಸಿದ ದಿನ ತಪ್ಪದೆ ನುಂಗುತ್ತಿದ್ದೆ, ಹಗುರಾಗಿದ್ದ ದಿನ ಎಷ್ಟೋ ಸಲ ಮರೆಯುತ್ತಿದ್ದೆ. ಅದು ಮರೆವು ಅಲ್ಲ ಅಂತ ಅರ್ಥವಾಗಲು ಒಂದು ವರ್ಷ ಹಿಡಿಯಿತು. ಒಂದು ದಿನ, ಬಹಳ ಆರಾಮಾಗಿದ್ದೇನೆ ಅನಿಸಿದ ಮಧ್ಯಾಹ್ನ, ಸುಮ್ನೆ ನೋಡಿಕೊಂಡೆ. 168/100 ಇತ್ತು. 1985ರಲ್ಲಿ ಅಮೆರಿಕದ ಸಂಶೋಧಕರು ಬಿಪಿ ಇರುವವರನ್ನು ಮಾತಾಡಿಸಿ ಬರೆದ ಅಧ್ಯಯನವೊಂದನ್ನು ಆಮೇಲೆ ಓದಿದೆ. ಬಿಪಿ ಏರಿದ್ದು ಜನರಿಗೆ ಗೊತ್ತಾಗಲ್ಲ ಅಂತ ಹೆಚ್ಚಿನವರು ಒಪ್ಪಿದರಂತೆ. ‘ಆದರೆ ನನಗೆ ಗೊತ್ತಾಗುತ್ತೆ’ ಎಂದವರೂ ಅವರಲ್ಲೇ ಬಹಳ ಮಂದಿ ಇದ್ದರು. ಹಾಗೆ ನಂಬಿದವರಲ್ಲಿ ಎಷ್ಟೋ ಮಂದಿ ಮೈ ಹೇಳುವುದನ್ನು ನೋಡಿಕೊಂಡೇ ಮಾತ್ರೆ ನುಂಗುತ್ತಿದ್ದರು. ನಾನೂ ಅವರ ಹಾಗೇ.

ಅಂದರೆ ತಿಳಿವಳಿಕೆ ಕೊಟ್ಟುಬಿಟ್ಟರೆ ಸಾಕು ಅನ್ನುವ ನಮ್ಮ ನಂಬಿಕೆ ಸಾಲದು. ನನಗಿಂತ ಜಾಸ್ತಿ ತಿಳಿವಳಿಕೆ ಯಾವ ರೋಗಿಗೆ ಇದ್ದೀತು? ಮಾಹಿತಿ ತಲೆಯಲ್ಲಿ ಒಂದು ಕಡೆ ಇರುತ್ತೆ, ಮೈ ಹೇಳುವ ಮಾತು ಇನ್ನೊಂದು ಕಡೆ ಇರುತ್ತೆ. ಯಾರಾದರೂ ನನ್ನನ್ನು ‘ನಿಮಗೆ ಬಿಪಿ ಏರಿದ್ದು ಗೊತ್ತಾಗುತ್ತೆ ಅನಿಸುತ್ತಾ?’ ಅಂತ ಒಮ್ಮೆ ಕೇಳಿದ್ದರೆ, ಆ ವರ್ಷ ನಾನು ಕಳೆದುಕೊಳ್ಳುತ್ತಿರಲಿಲ್ಲ. ನರ್ಸ್ ಅಲ್ವಾ, ಎಲ್ಲಾ ಗೊತ್ತಿರುತ್ತೆ ಅಂತ ಯಾರೂ ಕೇಳಲಿಲ್ಲ.

ಈಗ ಚಿಕಿತ್ಸೆಯ ಮಾತಿಗೆ ಬರುತ್ತೇನೆ. ದೀರ್ಘಕಾಲದ ಕಾಯಿಲೆಗಳಲ್ಲಿ, ಮುಂದುವರಿದ ದೇಶಗಳಲ್ಲೇ, ಸುಮಾರು ಅರ್ಧದಷ್ಟು ಜನ ಮಾತ್ರ ಹೇಳಿದ ಹಾಗೆ ಔಷಧ ತೆಗೆದುಕೊಳ್ಳುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ವರದಿ ಮಾಡಿತು. ಅರ್ಧ ಜನ! ಉಳಿದ ಅಷ್ಟೂ ಜನ ಬೇಜವಾಬ್ದಾರರು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ರಾಬ್ ಹಾರ್ನ್ ಎಂಬ ಸಂಶೋಧಕರು ಇದನ್ನು ತಕ್ಕಡಿಯ ಹಾಗೆ ನೋಡುತ್ತಾರೆ. ಒಂದು ತಟ್ಟೆಯಲ್ಲಿ ‘ಈ ಔಷಧ ನನಗೆ ಬೇಕೇ ಬೇಕಾ?’ ಅನ್ನುವುದು. ಇನ್ನೊಂದರಲ್ಲಿ ‘ಇದರಿಂದ ನನಗೆ ಏನಾದರೂ ಆಗುತ್ತಾ?’ ಅನ್ನುವ ಆತಂಕ. ನಾವು ಮೊದಲನೆಯ ತಟ್ಟೆಗೇ ಭಾರ ಹಾಕುತ್ತಾ ಹೋಗುತ್ತೇವೆ. ಎರಡನೆಯದನ್ನು ಮುಟ್ಟುವುದೇ ಇಲ್ಲ. ಅಲ್ಲಿ ಏನಿದೆ ಅಂತ ಕೇಳಿದರೆ ತಾನೇ ಮುಟ್ಟಲು ಸಾಧ್ಯ?

ಇನ್ಸುಲಿನ್ ವಿಷಯದಲ್ಲಿ ನಮ್ಮ ತಪ್ಪು ಇನ್ನೂ ದೊಡ್ಡದು. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆ ಆಗುತ್ತೆ. ಶುಗರ್ ಏರಿದವರಿಗೆ ನಾವೇ ಎಷ್ಟು ಸಲ ಹೇಳಿಲ್ಲ: ‘ಹೀಗೇ ಮಾಡ್ತಾ ಇದ್ರೆ ಇನ್ಸುಲಿನ್ ಚುಚ್ಚಬೇಕಾಗುತ್ತೆ ನೋಡಿ!’ ವರ್ಷಗಟ್ಟಲೆ ಅದನ್ನು ಬೆದರಿಕೆಯಾಗಿ ಬಳಸುತ್ತೇವೆ. ಆಮೇಲೆ ಒಂದು ದಿನ ಅದೇ ಇನ್ಸುಲಿನ್ ಹಿಡಿದುಕೊಂಡು ನಗುತ್ತಾ ಹೋಗಿ, ಇದು ನಿಮ್ಮ ಒಳ್ಳೆಯದಕ್ಕೆ ಅನ್ನುತ್ತೇವೆ. ಅವರ ಮುಖ ಬಿಳಿಚಿಕೊಳ್ಳುತ್ತೆ. ಬೇಡ ಅನ್ನುತ್ತಾರೆ. ಸೂಜಿಗೆ ಹೆದರಿದರು ಅಂತ ನಾವು ಬರೆದುಕೊಳ್ಳುತ್ತೇವೆ. ಒಬ್ಬ ಅಜ್ಜ ನನ್ನ ಕೈ ಹಿಡಿದು ಕೇಳಿದರು: ‘ಸಿಸ್ಟರ್, ನಿಜ ಹೇಳಿ. ಇನ್ನು ನನಗೆ ಜಾಸ್ತಿ ದಿನ ಇಲ್ಲ ಅಲ್ವಾ?’ ಅವರ ಮನಸ್ಸಿನಲ್ಲಿ ಇನ್ಸುಲಿನ್ ಅಂದರೆ ಕೊನೆಯ ಹಂತ. ಹಾಗಂತ ಅವರಿಗೆ ಕಲಿಸಿದವರಲ್ಲಿ ನಾವೂ ಇದ್ದೆವು.

ಟೈಪ್ 2 ಡಯಾಬಿಟಿಸ್‌ನಲ್ಲಿ ವರ್ಷಗಳು ಕಳೆದಂತೆ ಮೇದೋಜೀರಕ ಗ್ರಂಥಿ ಇನ್ಸುಲಿನ್ ತಯಾರಿಸುವುದು ಕಡಿಮೆ ಆಗುತ್ತಾ ಹೋಗುತ್ತೆ. ಎಷ್ಟೋ ಜನರಿಗೆ, ಎಲ್ಲವನ್ನೂ ಸರಿಯಾಗಿ ಮಾಡಿದ ಮೇಲೂ, ಹೊರಗಿನಿಂದ ಕೊಡಬೇಕಾಗುತ್ತೆ. ಅದು ಶಿಕ್ಷೆಯಲ್ಲ, ಅವರ ಸೋಲೂ ಅಲ್ಲ. ಶುಗರ್ ಇರುವವರೊಂದಿಗೆ ಮೊದಲ ಸಲ ಮಾತಾಡುವಾಗಲೇ ಇಷ್ಟನ್ನು ಹೇಳಿಬಿಟ್ಟರೆ, ಹತ್ತು ವರ್ಷದ ನಂತರ ಆ ಅಜ್ಜ ನನ್ನನ್ನು ಆ ಪ್ರಶ್ನೆ ಕೇಳುತ್ತಿರಲಿಲ್ಲ. ಇಡೀ ಪತ್ರದಲ್ಲಿ ನರ್ಸುಗಳಿಗೆ ನಾನು ಕೇಳುವ ಒಂದೇ ಒಂದು ಬದಲಾವಣೆ ಇದ್ದರೆ ಅದು ಇದು. ನಾಳೆಯಿಂದ ಔಷಧವನ್ನು ಬೆದರಿಕೆಯಾಗಿ ಬಳಸುವುದು ಬೇಡ. ಡಯಾಲಿಸಿಸ್ ಅನ್ನೂ ಬೇಡ.

ಸ್ವಂತ ಆರೈಕೆಯ ಬಗ್ಗೆ ನಾವು ಓದುವಾಗ ಡೊರೋಥಿಯಾ ಓರೆಮ್ ಹೆಸರು ಪರೀಕ್ಷೆಗೆ ಬರುತ್ತೆ. ಸ್ವತಃ ನರ್ಸ್ ಆಗಿದ್ದವರು. 1971ರಲ್ಲಿ ಅವರು ಬರೆದ ಪುಸ್ತಕದ ತಿರುಳು ಇಷ್ಟು: ಮನುಷ್ಯ ತನ್ನನ್ನು ತಾನು ನೋಡಿಕೊಳ್ಳುವುದು ಸಹಜ, ಅದು ಎಲ್ಲಿ ಸಾಲದೆ ಬರುತ್ತದೋ ಅಲ್ಲಿ ನರ್ಸ್ ಬೇಕು. ಇದನ್ನು ಬಾಯಿಪಾಠ ಮಾಡಿ ಅಂಕ ತೆಗೆದುಕೊಂಡೆವು. ವಾರ್ಡಿಗೆ ಬಂದ ಮೇಲೆ ತಿರುವು ಮುರುವು ಮಾಡಿದೆವು. ಸಾಲದೆ ಬಂದದ್ದು ಎಲ್ಲಿ ಅಂತ ತಿಳಿಯಲು, ಈಗಾಗಲೇ ಅವರು ಏನೇನು ಮಾಡಿಕೊಳ್ಳುತ್ತಿದ್ದಾರೆ ಅಂತ ಮೊದಲು ಗೊತ್ತಿರಬೇಕಲ್ಲ.

ಆಸ್ಪತ್ರೆಯಲ್ಲಿ ನಡೆಯುವುದನ್ನು ಯೋಚಿಸಿ. 20 ವರ್ಷದಿಂದ ತನಗೆ ತಾನೇ ಇನ್ಸುಲಿನ್ ಚುಚ್ಚಿಕೊಳ್ಳುವವರು ಅಡ್ಮಿಟ್ ಆಗುತ್ತಾರೆ. ಅವತ್ತೇ ಅವರ ಇನ್ಸುಲಿನ್ ಪೆನ್ನು, ಮಾತ್ರೆ ಡಬ್ಬಿ ಎಲ್ಲವೂ ನಮ್ಮ ಟ್ರಾಲಿ ಸೇರುತ್ತೆ. ಊಟ ಬಂದಾಗ ಇನ್ಸುಲಿನ್ ಬಂದಿರುವುದಿಲ್ಲ, ಇನ್ಸುಲಿನ್ ಕೊಟ್ಟಾಗ ಊಟ ಬಂದಿರುವುದಿಲ್ಲ. ‘ಸಿಸ್ಟರ್, ನಾನೇ ತಗೋತೀನಿ’ ಅಂದರೆ ಬೇಡ ಅನ್ನುತ್ತೇವೆ. ಕೈ ನಡುಗುತ್ತಿದೆ, ಶುಗರ್ ಇಳಿದಿದೆ ಅಂದರೆ, ಮೊದಲು ಮೀಟರಿನಲ್ಲಿ ನೋಡಬೇಕು ಅನ್ನುತ್ತೇವೆ. ನೋಡಲೇಬೇಕು, ನಿಜ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಆದರೆ ಅವರಿಗೆ ಅದು ಗೊತ್ತೇ ಇದೆ, ನಮ್ಮಲ್ಲಿ ಹೊಸದಾಗಿ ಸೇರಿದವರಿಗಿಂತ ಚೆನ್ನಾಗಿ ಗೊತ್ತಿದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ತಮ್ಮ ಫಿಸ್ಟುಲಾ (ಡಯಾಲಿಸಿಸ್‌ಗಾಗಿ ರಕ್ತನಾಳಗಳನ್ನು ಸೇರಿಸಿ ಮಾಡಿದ ಜೋಡಣೆ) ಇರುವ ಕೈಯನ್ನು ಮಗುವಿನ ಹಾಗೆ ಕಾಯುತ್ತಾರೆ. ದಿನಾ ಮುಟ್ಟಿ, ಒಳಗೆ ಜುಮ್ಮೆನ್ನುವ ರಕ್ತದ ಹರಿವು ಇದೆಯಾ ಅಂತ ನೋಡಿಕೊಳ್ಳುತ್ತಾರೆ. ಅದೇ ಕೈಗೆ ಬಿಪಿ ಪಟ್ಟಿ ಕಟ್ಟಲು ಹೋದ ನಮ್ಮವರನ್ನು ಅವರು ತಡೆದರೆ, ‘ತುಂಬಾ ಕಿರಿಕಿರಿ ಪೇಷಂಟ್’ ಅನ್ನುವ ಮಾತು ಬರುತ್ತೆ. ಅವರು ತಡೆದದ್ದರಿಂದ ಆ ರಕ್ತದ ಹರಿವು ನಿಲ್ಲದೆ ಫಿಸ್ಟುಲಾ ಉಳಿಯಿತು.

ನಾವು ಸ್ವಂತ ಆರೈಕೆ ಅಂದಾಗ ನಮ್ಮ ಮನಸ್ಸಿನಲ್ಲಿರುವುದು ‘ಹೇಳಿದ್ದನ್ನು ಕೇಳುವುದು’. ಅವರ ಮನಸ್ಸಿನಲ್ಲಿರುವುದು ಇವತ್ತಿನ ದಿನವನ್ನು ಸಾಗಿಸುವುದು. ಕೆಲಸಕ್ಕೆ ಹೋಗಬೇಕು, ಮಕ್ಕಳನ್ನು ನೋಡಬೇಕು, ಅದರ ನಡುವೆ ಮಾತ್ರೆ, ತೂಕ, ಕಾಲಿನ ಗಾಯ. ಎಷ್ಟೋ ಜನ ನೀರು ಇಳಿಸುವ ಮಾತ್ರೆಯನ್ನು ಪ್ರಯಾಣದ ದಿನ ಬಿಟ್ಟುಬಿಡುತ್ತಾರೆ, ದಾರಿಯಲ್ಲಿ ಬಾತ್‌ರೂಮ್ ಸಿಗುವುದಿಲ್ಲ ಅಂತ. ಅದನ್ನು ನಮಗೆ ಹೇಳುವುದಿಲ್ಲ, ಬೈಸಿಕೊಳ್ಳಬೇಕಲ್ಲ. ಹೇಳಿದ್ದರೆ ಹೊತ್ತು ಬದಲಾಯಿಸಬಹುದಾ ಅಂತ ಡಾಕ್ಟರನ್ನು ಕೇಳಬಹುದಿತ್ತು.

ಹೀಗೆ ದಿನಗಟ್ಟಲೆ ಎಲ್ಲವನ್ನೂ ಅವರ ಕೈಯಿಂದ ಕಿತ್ತುಕೊಂಡು, ಡಿಸ್ಚಾರ್ಜ್ ದಿನ ಹತ್ತು ನಿಮಿಷದಲ್ಲಿ ಎಲ್ಲವನ್ನೂ ವಾಪಸು ಕೊಡುತ್ತೇವೆ. ಒಂದು ಕಡೆ ಬಿಲ್, ಒಂದು ಕಡೆ ಗಾಡಿ ಬಂತು ಅನ್ನುವ ಫೋನು. ಅದರ ಮಧ್ಯೆ ಏಳು ಮಾತ್ರೆಗಳ ಹೆಸರು, ಹೊತ್ತು, ಪಥ್ಯ, ಮುಂದಿನ ತಾರೀಕು. ‘ಅರ್ಥ ಆಯ್ತಾ?’ ಅಂತ ಕೇಳುತ್ತೇವೆ. ‘ಹ್ಞೂಂ’ ಅನ್ನುತ್ತಾರೆ. ಆಸ್ಪತ್ರೆಯಲ್ಲಿ ಹೇಳಿದ ಮಾತಿನಲ್ಲಿ ಶೇಕಡಾ 40ರಿಂದ 80ರಷ್ಟನ್ನು ಜನ ತಕ್ಷಣವೇ ಮರೆಯುತ್ತಾರೆ ಅಂತ 2003ರ ಒಂದು ಲೇಖನ ಲೆಕ್ಕ ಕೊಡುತ್ತದೆ. ಅರ್ಥ ಆಯ್ತಾ ಅನ್ನುವುದರ ಬದಲು, ‘ಮನೆಗೆ ಹೋಗಿ ಇದನ್ನು ಹೇಗೆ ತಗೋತೀರಿ, ನನಗೊಮ್ಮೆ ಹೇಳಿ, ನಾನು ಸರಿಯಾಗಿ ವಿವರಿಸಿದೆನಾ ಅಂತ ನೋಡ್ತೀನಿ’ ಅಂತ ಕೇಳಿದರೆ ಸತ್ಯ ಹೊರಗೆ ಬರುತ್ತೆ. ಪರೀಕ್ಷೆ ಆಗುವುದು ನನ್ನ ವಿವರಣೆಗೆ, ಅವರ ಬುದ್ಧಿಗೆ ಅಲ್ಲ. ಇದನ್ನು ನಾನು ಮಾಡುತ್ತೇನೆ. ಎಲ್ಲರಿಗೂ ಮಾಡಲು ಆಗುವುದಿಲ್ಲ, ಸಮಯ ಇಲ್ಲ.

ಸಮಯದ ವಿಷಯವನ್ನು ಆಡಳಿತದವರಿಗೆ ನೇರವಾಗಿ ಹೇಳುತ್ತೇನೆ. ನಾನು ಇಂಜೆಕ್ಷನ್ ಕೊಟ್ಟರೆ ಅದು ಚಾರ್ಟಿನಲ್ಲಿ ಬರುತ್ತೆ. ಬ್ಯಾಂಡೇಜ್ ಬದಲಿಸಿದರೆ ಬರುತ್ತೆ. ಕೊಡದಿದ್ದರೆ ಪ್ರಶ್ನೆ ಬರುತ್ತೆ. ಒಬ್ಬ ರೋಗಿಯ ಪಕ್ಕ ಹದಿನೈದು ನಿಮಿಷ ಕುಳಿತು ಅವರ ಭಯವನ್ನು ಕೇಳಿದರೆ ಅದು ಎಲ್ಲೂ ಬರುವುದಿಲ್ಲ. ಬದಲಿಗೆ, ಕೆಲಸ ಬಿಟ್ಟು ಹರಟೆ ಹೊಡೆಯುತ್ತಿದ್ದಾರೆ ಅನ್ನುವ ನೋಟ ಬೀಳುತ್ತೆ. ಲೆಕ್ಕಕ್ಕೆ ಬರುವ ಕೆಲಸ ಮೊದಲು ಆಗುತ್ತೆ, ಬಾರದ ಕೆಲಸ ನಾಳೆಗೆ ಹೋಗುತ್ತೆ. ಇದು ನರ್ಸುಗಳ ಮನಸ್ಸು ಕಲ್ಲಾಗಿದ್ದಕ್ಕೆ ಆದದ್ದಲ್ಲ. ನೀವು ಯಾವುದನ್ನು ಕೆಲಸ ಅಂತ ಎಣಿಸಿದ್ದೀರೋ ಅದಕ್ಕೆ ಆದದ್ದು.

ನಮ್ಮ ಮನಸ್ಸು ಒಂದು ಬೇರೆ ರೀತಿಯಲ್ಲಿ ಕೆಡುತ್ತದೆ, ಅದನ್ನೂ ಹೇಳಬೇಕು. ವಾರ್ಡಿನ ನರ್ಸುಗಳು ನೋಡುವುದು ವಾಪಸು ಬಂದವರನ್ನು ಮಾತ್ರ. ಮನೆಯಲ್ಲಿ ಚೆನ್ನಾಗಿ ನೋಡಿಕೊಂಡವರು ನಮಗೆ ಮತ್ತೆ ಸಿಗುವುದೇ ಇಲ್ಲ. ತೂಕ ನೋಡಿಕೊಂಡು ಸರಿಯಾದ ದಿನಕ್ಕೆ ಫೋನ್ ಮಾಡಿದವರು, ಜೋಮು ಹಿಡಿದ ಪಾದವನ್ನು ದಿನಾ ರಾತ್ರಿ ಕನ್ನಡಿ ಇಟ್ಟು ನೋಡಿ ಗಾಯ ಆಗದ ಹಾಗೆ ಕಾಪಾಡಿಕೊಂಡವರು, ಅವರ ಮುಖ ನಮಗೆ ನೆನಪೂ ಇರುವುದಿಲ್ಲ. ವರ್ಷಗಟ್ಟಲೆ ಹೀಗೆ ನೋಡಿ ನೋಡಿ, ‘ಯಾರೂ ಹೇಳಿದ್ದು ಕೇಳಲ್ಲ’ ಅನ್ನುವುದು ನಮಗೆ ಸತ್ಯದ ಹಾಗೆ ಕಾಣುತ್ತೆ. ಹೊಸ ಹುಡುಗಿಯರಿಗೆ ಅದನ್ನೇ ಕಲಿಸುತ್ತೇವೆ. ಒಪಿಡಿಯಲ್ಲಿ ಆರು ತಿಂಗಳು ಡ್ಯೂಟಿ ಬಿದ್ದಾಗ ನನಗೆ ಇದು ಅರಿವಾಯಿತು. ಅಲ್ಲಿ ಬರುವ ಹೆಚ್ಚಿನವರು ತಮ್ಮ ಪಾಡಿಗೆ ತಾವು ಚೆನ್ನಾಗಿದ್ದವರು. ಅವರನ್ನು ನೋಡಿದ ಮೇಲೆ ವಾರ್ಡಿನವರ ಬಗ್ಗೆಯೂ ನನ್ನ ಮಾತು ಮೆತ್ತಗಾಯಿತು. ವಾರ್ಡಿನ ನರ್ಸುಗಳನ್ನು ವರ್ಷಕ್ಕೊಮ್ಮೆಯಾದರೂ ಒಪಿಡಿಗೆ ಕಳಿಸಿ. ಅದಕ್ಕೆ ಹಣ ಬೇಕಾಗಿಲ್ಲ.

ಕೇಳುವುದರಿಂದ ನಿಜಕ್ಕೂ ಏನಾದರೂ ಆಗುತ್ತಾ ಅಂತ ನೀವು ಕೇಳಬಹುದು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಹೃದಯಾಘಾತವಾಗಿ ಅಡ್ಮಿಟ್ ಆದ 65 ಜನರ ಮೇಲೆ ಒಂದು ಅಧ್ಯಯನ ನಡೆಯಿತು. 2002ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಎಂದಿನ ಆರೈಕೆ. ಇನ್ನರ್ಧ ಜನರ ಹತ್ತಿರ ಮನಶ್ಶಾಸ್ತ್ರಜ್ಞರು ಕೆಲವೇ ಸಲ, ಆಸ್ಪತ್ರೆಯಲ್ಲಿರುವಾಗಲೇ, ಮಾತಾಡಿದರು. ಮೊದಲು ಅವರ ಅನಿಸಿಕೆ ಕೇಳಿದರು, ಅದರಲ್ಲಿ ತಪ್ಪಿದ್ದದ್ದನ್ನು ಸರಿಪಡಿಸಿದರು, ಚೇತರಿಕೆಯ ಯೋಜನೆಯನ್ನು ಜೊತೆಗೆ ಕೂತು ಬರೆದರು. ಈ ಗುಂಪಿನವರು ಬೇಗ ಕೆಲಸಕ್ಕೆ ಮರಳಿದರು. ಮೂರು ತಿಂಗಳ ನಂತರ ಅವರಲ್ಲಿ ಎದೆನೋವಿನ ದೂರೂ ಕಡಿಮೆ ಇತ್ತು. ಅದೇ ತಂಡದವರು ಇನ್ನೊಮ್ಮೆ ಹೃದಯಾಘಾತವಾದವರಿಗೆ ಕಾಗದ ಪೆನ್ಸಿಲ್ ಕೊಟ್ಟು, ನಿಮ್ಮ ಹೃದಯ ಈಗ ಹೇಗಿದೆ ಅಂತ ಚಿತ್ರ ಬರೆಯಿರಿ ಅಂದರು. ಚಿತ್ರದಲ್ಲಿ ಎಷ್ಟು ಹೆಚ್ಚು ಹಾನಿ ಬರೆದಿದ್ದರೋ ಅಷ್ಟು ತಡವಾಗಿ ಕೆಲಸಕ್ಕೆ ಹೋದರು. ರಕ್ತಪರೀಕ್ಷೆ ತೋರಿಸಿದ ಹಾನಿಗೂ ಆ ತಡಕ್ಕೂ ಅಂಥ ಸಂಬಂಧ ಕಾಣಲಿಲ್ಲ.

ಅದನ್ನು ಓದಿದ ಮೇಲೆ ನಾನೂ ಒಬ್ಬರಿಗೆ ಕಾಗದ ಕೊಟ್ಟೆ. ಐವತ್ತು ದಾಟಿರದ ಮನುಷ್ಯ. ಸಣ್ಣ ಹೃದಯಾಘಾತ, ಸ್ಟೆಂಟ್ ಹಾಕಿ ಆಗಿತ್ತು. ಹಾಸಿಗೆಯಿಂದ ಇಳಿಯಲು ಹೆದರುತ್ತಿದ್ದರು. ಅವರು ಹೃದಯ ಬರೆದು, ಅರ್ಧಕ್ಕೆ ಪೂರ್ತಿ ಕಪ್ಪು ಬಳಿದರು. ‘ಇದು ಸತ್ತಿದೆ’ ಅಂದರು. ಎಕೋ ವರದಿ ತಂದು, ಎಷ್ಟು ಭಾಗ ಅಂತ ಅದೇ ಚಿತ್ರದ ಮೇಲೆ ಡಾಕ್ಟರ್ ಗುರುತು ಹಾಕಿ ತೋರಿಸಿದರು. ಉಗುರಿನಷ್ಟು ಜಾಗ. ಆ ಮನುಷ್ಯ ಬಹಳ ಹೊತ್ತು ಅದನ್ನೇ ನೋಡಿದರು. ಸಂಜೆ ನಾನು ರೌಂಡ್ಸಿಗೆ ಹೋದಾಗ ವಾರ್ಡಿನ ಬಾಗಿಲ ತನಕ ನಡೆದು ಬಂದಿದ್ದರು.

ನಾನು ಕೇಳುವುದು ಇಷ್ಟು. ಅಡ್ಮಿಷನ್ ಫಾರಂನಲ್ಲಿ ಒಂದು ಸಾಲು ಸೇರಿಸಿ: ‘ತಮಗೆ ಏನಾಗಿದೆ ಅಂತ ರೋಗಿ ಹೇಳುತ್ತಾರೆ, ಅವರದೇ ಮಾತಿನಲ್ಲಿ.’ ಅವರದೇ ಮಾತಿನಲ್ಲಿ ಅನ್ನುವುದು ಬಹಳ ಮುಖ್ಯ. ನಾವು ಅದನ್ನು ಮೆಡಿಕಲ್ ಭಾಷೆಗೆ ತಿರುಗಿಸಿ ಬರೆದರೆ ಕೆಟ್ಟುಹೋಗುತ್ತೆ. ಹ್ಯಾಂಡೋವರ್ ಕೊಡುವಾಗ ಆ ಸಾಲನ್ನೂ ಓದಬೇಕು. ಅದರ ಬಗ್ಗೆ ಮಾತಾಡಿದ ಹದಿನೈದು ನಿಮಿಷವನ್ನು ಚಾರ್ಟಿನಲ್ಲಿ ಕೆಲಸವಾಗಿ ಬರೆಯಲು ಬಿಡಿ, ಡಿಸ್ಚಾರ್ಜ್ ದಿನ ಅಲ್ಲ, ಎರಡನೇ ದಿನವೇ. ತಾನೇ ಇನ್ಸುಲಿನ್ ತೆಗೆದುಕೊಳ್ಳಬಲ್ಲವರಿಗೆ, ಡಾಕ್ಟರ್ ಒಪ್ಪಿದರೆ, ನಮ್ಮ ಕಣ್ಣೆದುರು ತಾವೇ ತೆಗೆದುಕೊಳ್ಳಲು ನಿಯಮ ಮಾಡಿ. ಪಠ್ಯ ರೂಪಿಸುವವರು, ಓರೆಮ್ ಬಗ್ಗೆ ಹತ್ತು ಅಂಕದ ಪ್ರಶ್ನೆ ಇಟ್ಟ ಹಾಗೆ, ರೋಗಿಯೊಬ್ಬರನ್ನು ಮಾತಾಡಿಸಿ ಅವರ ಲೆಕ್ಕಾಚಾರ ಏನು ಅಂತ ಬರೆದು ತರುವ ಪರೀಕ್ಷೆಯನ್ನೂ ಇಡಿ. ಆ ವಿದ್ಯಾರ್ಥಿನಿಗೆ ಯಾರೂ ಅದನ್ನು ಕಲಿಸಿರಲಿಲ್ಲ. ಕೆಲಸಕ್ಕೆ ಸೇರಿ ಎರಡು ವರ್ಷ ಆದ ಮೇಲೆ ಅವಳೂ ಅದನ್ನು ಮರೆತಿರಬಾರದು.

ಮತ್ತೆ ‘ರೋಗಿ ಸಲಹೆ ಪಾಲಿಸುವುದಿಲ್ಲ’ ಅಂತ ಬರೆಯುವ ಮೊದಲು, ಅದರ ಮುಂದೆ ‘ಯಾಕೆಂದರೆ’ ಅಂತ ಬರೆಯುವುದನ್ನು ಕಡ್ಡಾಯ ಮಾಡಿ. ಯಾಕೆ ಅಂತ ಗೊತ್ತಿಲ್ಲದಿದ್ದರೆ ಆ ಮಾತನ್ನು ಬರೆಯುವ ಹಾಗಿಲ್ಲ.

ಆ ಅಮ್ಮ ಈಗಲೂ ಒಪಿಡಿಗೆ ಬರುತ್ತಾರೆ. ಒಂದು ಹಳೆಯ ನೋಟ್‌ಬುಕ್ ಇದೆ ಅವರ ಹತ್ತಿರ. ದಿನಾ ಬೆಳಗಿನ ತೂಕ ಅದರಲ್ಲಿ ಬರೆದಿರುತ್ತಾರೆ. ಎರಡು ಸಲ ತೂಕ ಏರಿದಾಗ ಅವರೇ ಫೋನ್ ಮಾಡಿ ಬಂದರು, ಅಡ್ಮಿಟ್ ಮಾಡದೆ ಔಷಧದಲ್ಲೇ ಸರಿಯಾಯಿತು. ಹಳೆಯ ಕೇಸ್ ಶೀಟಿನಲ್ಲಿ ನಾನು ಬರೆದ ಸಾಲು ಮಾತ್ರ ಹಾಗೇ ಇದೆ. ಅದನ್ನು ಅಳಿಸುವ ಹಾಗಿಲ್ಲ.

ನಮ್ಮ ಫಾರಂನಲ್ಲಿ ಅಲರ್ಜಿಯ ಕಾಲಂ ಕೆಳಗೆ ಎರಡು ಬೆರಳಿನಷ್ಟು ಖಾಲಿ ಜಾಗ ಇದೆ. ಅಷ್ಟು ಸಾಕು.

ಇಂತಿ,
ಮೆಡಿಕಲ್ ವಾರ್ಡಿನ ಒಬ್ಬ ನರ್ಸ್